ನಿಂತ ಮನೆಯ ದನಿ

"ನಮ್ಮನೆ ಇವತ್ತು ಯಾವ ಕಡೆ ಹೊರಟುಹೋಯಿತೋ?"

ಹೀಗೆ ಕೇಳಿದ ಹೆಂಗಸು ನಮ್ಮ ಕಡೆ ನೋಡಲೂ ಇಲ್ಲ. ಬಯಲಿನ ನಡುವೆ ನಿಂತು, ಸೊಪ್ಪಿನ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು, ಎದುರಿಗೆ ಹರಡಿದ್ದ ಅಷ್ಟು ದೊಡ್ಡ ಪಟ್ಟಣದ ಮೇಲೆ ಒಮ್ಮೆ ಕಣ್ಣಾಡಿಸಿ ಗಾಳಿಗೆ ಕೇಳಿದರು. ದನಿಯಲ್ಲಿ ಗಾಬರಿಯೇನೂ ಇರಲಿಲ್ಲ. ಮೇಯಲು ಬಿಟ್ಟ ಹಸು ಯಾವ ಕಡೆ ಹೋಯಿತೋ ಎಂದು ಕೇಳಿದ ಹಾಗಿತ್ತು. ನಾನು ಮನೆಗಾಡಿಯ ಮೆಟ್ಟಿಲ ಮೇಲೆ ಕುಳಿತು ಹಾಲಿನ ಪಾತ್ರೆ ತೊಳೆಯುತ್ತಿದ್ದೆ. ನಮ್ಮವರು ಗಾಡಿಯ ಕೆಳಗೆ ಮಲಗಿ ಏನನ್ನೋ ಬಿಗಿ ಮಾಡುತ್ತಿದ್ದರು. ಅವರ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಆ ಕಾಲುಗಳ ಕಡೆಯಿಂದಲೇ ಮಾತು ಬಂತು: "ಯಾರೋ ಮನೆ ಕಳಕೊಂಡಿದಾರೆ ಕಣೇ. ಕುಡಿಯೋಕೆ ನೀರು ಕೊಡು."

ನಮ್ಮವರು ಬದುಕಿಡೀ ಬಸ್ಸುಗಳಿಗೆ ಬಾಡಿ ಕಟ್ಟಿದವರು. ಕೆಲಸದಿಂದ ಬಿಡುವಾದ ಮೇಲೆ, ಶಾಲೆಯೊಂದು ಮಾರಿದ ಹಳೇ ವ್ಯಾನು ತಂದು, ಸೀಟು ಕಿತ್ತು, ಮಡಚುವ ಮಂಚ, ಒಲೆ, ನೀರಿನ ಟ್ಯಾಂಕು, ಪುಟ್ಟ ಸಿಂಕು, ಜಿನಬಿಂಬಕ್ಕೊಂದು ಗೂಡು ಎಲ್ಲವನ್ನೂ ತಮ್ಮ ಕೈಯಿಂದಲೇ ಕೂಡಿಸಿದರು. "ಇವನು ಒಂದು ಮನೆ ಕಟ್ಟಿಸಲಿಲ್ಲ ಅಂತ ನಿನ್ನ ತವರಿನವರು ಆಡಿಕೊಂಡರಲ್ಲ, ನೋಡು, ಓಡೋ ಮನೆ ಕಟ್ಟಿದೀನಿ" ಎಂದರು. ಅವರು ಮಾತಾಡುತ್ತಾರೆ, ನಾನು ಹೂಂ ಎನ್ನುತ್ತೇನೆ. ನಮ್ಮ ಸಂಸಾರ ನಡೆದದ್ದೇ ಹಾಗೆ. ಹೂಂ ಎಂದು ಹತ್ತಿ ಕುಳಿತವಳು ಊರೂರು ಸುತ್ತಿ ಹಿಂದಿನ ಸಂಜೆ ಈ ಪಟ್ಟಣದ ಹೆಬ್ಬಾಗಿಲಿಗೆ ಬಂದಿದ್ದೆ. ಅಲ್ಲಿನ ಕಾವಲುಗಾರ ನಮ್ಮ ಗಾಡಿಯನ್ನು ಒಂದು ಸುತ್ತು ಬಂದು, "ಇದು ನಿಲ್ಲಿಸಿದರೆ ನಿಲ್ಲುತ್ತಾ?" ಎಂದು ಕೇಳಿದ. "ಹ್ಯಾಂಡ್ ಬ್ರೇಕ್ ಹಾಕಿದರೆ ಆನೆ ತಳ್ಳಿದರೂ ಕದಲಲ್ಲ" ಎಂದರು ನಮ್ಮವರು. "ಹಾಗಾದರೆ ಬಯಲಲ್ಲೇ ಬಿಡಿ. ಊರೊಳಗೆ ನಿಲ್ಲಿಸಿದರೆ ಮಿಕ್ಕ ಮನೆಗಳಿಗೆ ಅಡ್ಡ ಆಗುತ್ತೆ" ಎಂದ. ದಾರಿ ಕಿರಿದೆಂದು ಹೇಳುತ್ತಿದ್ದಾನೆ ಎಂದುಕೊಂಡು ನಾವು ಬಯಲಲ್ಲಿ ಮಲಗಿದ್ದೆವು.

ನೀರು ಕುಡಿದ ಹೆಂಗಸು ತಮ್ಮ ಹೆಸರು ಹೊನ್ನಾಜಮ್ಮ ಎಂದರು. ನನ್ನದೇ ವಯಸ್ಸು, ನನ್ನ ಎರಡರಷ್ಟು ಮೈ, ಮೂಗಿನ ಎರಡೂ ಕಡೆ ಬೇಸರಿ. ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು ಗಾಡಿಯ ತಗಡನ್ನು ಅಂಗೈಯಿಂದ ಸವರಿದರು.

"ರಾತ್ರಿ ಎಲ್ಲಿ ಬಿಟ್ಟಿದ್ರೋ ಬೆಳಿಗ್ಗೆ ಎದ್ದಾಗ ಅಲ್ಲೇ ಇತ್ತಾ?"

"ಅಲ್ಲೇ ಇತ್ತು."

"ಪುಣ್ಯವಂತರು" ಎಂದರು. "ನಾನು ಸೊಪ್ಪು ತರೋಕೆ ಹೋಗಿ ಬರೋಷ್ಟರಲ್ಲಿ ನಮ್ಮದು ಹೋಗಿಬಿಟ್ಟಿದೆ. ಹೋಗಲಿ, ಊಟದ ಹೊತ್ತಿಗೆ ಈ ಬಯಲಿನ ಅಂಚಿಗೆ ಬರೋದು ಅದರ ವಾಡಿಕೆ. ಅಲ್ಲಿವರೆಗೆ ನನಗೂ ಕೆಲಸ ಇಲ್ಲ. ಬನ್ನಿ, ಊರು ತೋರಿಸ್ತೀನಿ."

ನಮ್ಮವರು ಗಾಡಿಯಡಿಯಿಂದ ಹೊರಗೆ ಬಂದು ಕೈ ಒರೆಸಿಕೊಂಡು ಆಗಲೇ ಚಪ್ಪಲಿ ಮೆಟ್ಟಿದ್ದರು. ನಾನು ಒಂದು ಮಾತು ಮಾತ್ರ ಕೇಳಿದೆ, ನಿಮ್ಮೂರಲ್ಲಿ ಬಸದಿ ಇದೆಯೇ ಎಂದು. ಸ್ವಾಮಿಯ ದರ್ಶನವಾಗದೆ ನನಗೆ ಯಾವ ಊರೂ ನೋಡಿದಂತಾಗುವುದಿಲ್ಲ.

"ಇದೆಯಲ್ಲ. ಎಲ್ಲಿ ಅಂತ ಮಾತ್ರ ಹೇಗೆ ಹೇಳಲಿ? ನಾವು ದೇವರನ್ನ ಹುಡುಕಿಕೊಂಡು ಹೋಗೋರಲ್ಲಮ್ಮ. ಎದುರಾದ ದಿನ ಕೈ ಮುಗೀತೀವಿ."

ಆ ಊರಲ್ಲಿ ಮನೆಗಳು ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಗಡಿಯಾರದ ಚಿಕ್ಕ ಮುಳ್ಳನ್ನು ನೋಡುತ್ತಾ ಕೂತರೆ ಅದು ಹೋದದ್ದು ತಿಳಿಯುವುದೇ? ಮಾತಾಡುತ್ತಾ ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ, ಹಸಿರು ಬಾಗಿಲಿನ ಮನೆ ಇದ್ದಲ್ಲಿ ಉದ್ದ ಜಗಲಿಯ ಮನೆಯೊಂದು ಬಂದು, ಹುಟ್ಟಿದಾಗಿನಿಂದ ಅಲ್ಲೇ ಇದ್ದಂಥ ಮುಖ ಮಾಡಿಕೊಂಡು ನಿಂತಿರುತ್ತಿತ್ತು. ಎರಡು ಮಾಳಿಗೆಗಳ ನಡುವೆ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದರು. ಈಚೆ ಮಾಳಿಗೆಯವಳು ಆಚೆಯವಳಿಗೆ, "ಒಣಗೋವರೆಗೆ ನಿಮ್ಮನೇನ ಸ್ವಲ್ಪ ಹಿಡಕೊಳ್ಳೇ, ಪಿನ್ನು ಎಲ್ಲ ನನ್ನವೇ" ಎಂದು ಕೂಗುತ್ತಿದ್ದಳು. ಒಂದು ಮದುವೆ ದಿಬ್ಬಣ ಓಲಗದೊಂದಿಗೆ ಎದುರಾಯಿತು. ಹೆಣ್ಣಿನ ಮನೆ ಸಿಕ್ಕದೆ ನಿನ್ನೆಯಿಂದ ದಾರಿಯ ಮೇಲಿನ ಮನೆಗಳಲ್ಲೇ ಉಂಡುಕೊಂಡು ಬರುತ್ತಿದ್ದಾರಂತೆ. ಗಂಡಿನ ಸೋದರಮಾವ ನಮ್ಮವರ ಕೈಗೂ ಎಲೆ ಅಡಿಕೆ ಕೊಟ್ಟು, "ಮುಹೂರ್ತದ ಹೊತ್ತಿಗೆ ಯಾವ ಹೆಣ್ಣಿನ ಮನೆ ಮುಂದೆ ಇರ್ತೀವೋ ಅಂತ ಹುಡುಗನಿಗೆ ದಿಗಿಲು" ಎಂದ. ಮದುಮಗ ಬಾಸಿಂಗದ ಮರೆಯಲ್ಲಿ ನಗುತ್ತಿದ್ದ. ದಿಗಿಲುಬಿದ್ದವನ ನಗುವಂತೆ ಅದು ಕಾಣಲಿಲ್ಲ.

"ಅಕ್ಕಪಕ್ಕದವರ ಜೊತೆ ಜಗಳ ಬಂದರೆ?" ಎಂದು ನಮ್ಮವರು ಕೇಳಿದರು.

"ಬರುತ್ತೆ. ಬೈಯೋದು ಮುಗಿಯೋ ಮೊದಲೇ ಪಕ್ಕದ ಮನೆ ಹೊರಟುಹೋಗಿರುತ್ತೆ. ಉಳಿದ ಬೈಗುಳ ಹೊಸಬರಿಗೆ ಕೇಳಿಸುತ್ತೆ. ಅವರು ಪಾಪ, ನಮ್ಮನ್ನ ಹೀಗೆ ಬರಮಾಡಿಕೊಳ್ಳೋದು ಈ ಮನೆ ಪದ್ಧತಿ ಇರಬೇಕು ಅಂದುಕೊಳ್ತಾರೆ."

ನಮ್ಮವರು ಬಿದ್ದು ಬಿದ್ದು ನಕ್ಕರು. ಮನೆಗಾಡಿ ಹೊರಟಂದಿನಿಂದ ಎಷ್ಟೋ ಪಟ್ಟಣ ನೋಡಿದ್ದೆವು. ಎಲ್ಲ ಕಡೆಯೂ ಅವಸರದಿಂದ ನಡೆದು ಕಾಲು ನೋಯಿಸಿಕೊಂಡು ಬರುತ್ತಿದ್ದೆವು. ಇಲ್ಲಿ ನಡೆಯುವ ಕೆಲಸವನ್ನು ಊರೇ ಮಾಡುತ್ತಿತ್ತು. ಒಂದು ಕಟ್ಟೆಯ ಮೇಲೆ ಕೂತರೆ ಸಾಕು, ಜವಳಿ ಅಂಗಡಿ, ಹೂವಿನ ಅಂಗಡಿ, ಕ್ಷೌರದ ಅಂಗಡಿ ಒಂದಾದ ಮೇಲೊಂದು ಮುಂದೆ ಬಂದು ನಿಂತು, ಬೇಕಾದ್ದು ಕೊಳ್ಳಲು ಪುರಸೊತ್ತು ಕೊಟ್ಟು ಮುಂದಕ್ಕೆ ಹೋಗುತ್ತಿದ್ದವು. ಕಾಫಿ ಹೋಟೆಲಿನ ಬೋರ್ಡಿನ ಮೇಲೆ 'ನಾವೇ ಬರುತ್ತೇವೆ, ಕಾಯಿರಿ' ಎಂದು ಬರೆದಿತ್ತು. ಅದು ಬಂದಾಗ ಒಳಗೆ ಹೋಗಿ ಇಡ್ಲಿ ತಿಂದು ಕಾಫಿ ಕುಡಿದೆವು. ಬೀದಿ ಬದಲಾಗುವುದನ್ನು ಕಿಟಕಿಯಿಂದ ನೋಡುತ್ತಾ ನಮ್ಮವರು, "ಈ ಊರಲ್ಲಿ ಹುಟ್ಟಿದ್ದರೆ ನಾನು ಬಸ್ಸಿನ ಸಹವಾಸ ಬಿಟ್ಟು ನೇರ ಮನೆಗೇ ಚಕ್ರ ಜೋಡಿಸ್ತಿದ್ದೆ" ಎಂದರು. ಹೊನ್ನಾಜಮ್ಮ ಬಸಿಯಲ್ಲಿ ಕಾಫಿ ಆರಿಸಿಕೊಳ್ಳುತ್ತಾ, "ಚಕ್ರ ಯಾಕೆ? ಅದಕ್ಕೆ ಮನಸ್ಸಿದೆಯಲ್ಲ, ಸಾಲದಾ?" ಎಂದರು.

ಹೋಟೆಲಿನಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಬಸದಿ. ಒಳಗೆ ಹೋಗುವಾಗ ಅಲ್ಲಿ ಸೈಕಲ್ ಅಂಗಡಿ ಇತ್ತು. ಪುಟ್ಟ ಕಲ್ಲು ಬಸದಿ, ತಣ್ಣನೆಯ ನೆಲ, ಹೆಡೆಯ ನೆರಳಲ್ಲಿ ನಿಂತ ಪಾರ್ಶ್ವನಾಥ ಸ್ವಾಮಿ. ನಾನು ಕಣ್ಣು ಮುಚ್ಚಿ ನಿಂತುಬಿಟ್ಟೆ. ನಮ್ಮ ಮುನಿಗಳು ಒಂದು ಕಡೆ ನೆಲೆ ನಿಲ್ಲುವುದಿಲ್ಲ, ಊರಿಂದೂರಿಗೆ ನಡೆಯುತ್ತಲೇ ಇರುತ್ತಾರೆ. ಆ ವ್ರತವನ್ನು ಇಲ್ಲಿ ಕಲ್ಲು, ಇಟ್ಟಿಗೆ, ಹೊಸಿಲು ಎಲ್ಲವೂ ಹಿಡಿದಂತಿತ್ತು. ಪುರೋಹಿತರು ಕೊಟ್ಟ ಗಂಧೋದಕವನ್ನು ಹಣೆಗೆ ಹಚ್ಚಿಕೊಂಡು ಈಚೆ ಬಂದ ಮೇಲೆ ಹೊನ್ನಾಜಮ್ಮನವರನ್ನು ಕೇಳಿದೆ, "ಮಳೆಗಾಲದಲ್ಲೂ ಹೀಗೇ ನಡೆಯುತ್ತಾ?"

"ಮಳೆಗಾಲ ನಾಲ್ಕು ತಿಂಗಳು ಒಂದೂ ಕದಲಲ್ಲ. ನಿಂತಲ್ಲೇ ನಿಂತಿರುತ್ತೆ. ತಪ್ಪಿಹೋದವರೆಲ್ಲ ಸಿಗೋದು ಆಗಲೇ."

ಮುನಿಗಳ ಚಾತುರ್ಮಾಸವೂ ಅದೇ ಅಲ್ಲವೇ ಎಂದು ನನಗೆ ಮೈ ಜುಂ ಎಂದಿತು. 'ತಪ್ಪಿಹೋದವರೆಲ್ಲ' ಎಂಬ ಮಾತು ಆ ಸಂತೋಷದಲ್ಲಿ ಕಿವಿಯ ಮೇಲೆ ಹಾದು ಹೋಯಿತು.

ಬಿಸಿಲು ನೆತ್ತಿಗೆ ಬಂದಾಗ ಬೀದಿಗಳ ಗದ್ದಲ ಒಮ್ಮೆಲೇ ತಗ್ಗಿತು. ಒಂದೊಂದು ಮನೆಯ ಹೊಸಿಲಿಗೂ ಒಬ್ಬೊಬ್ಬರು ಬಂದು ನಿಂತರು. ಮುದುಕಿಯರು, ಸೊಸೆಯಂದಿರು, ಮೀಸೆ ಬಂದ ಗಂಡಸರು. ನಿಂತು ಪದ್ಯ ಎತ್ತಿದರು. ಪ್ರತಿ ಮನೆಗೂ ಅದರದೇ ಪದ್ಯ, ಅದರದೇ ಧಾಟಿ. ಬೀದಿಯಲ್ಲಿದ್ದವರೆಲ್ಲ ತಲೆ ವಾರೆ ಮಾಡಿ ಕಿವಿಗೊಟ್ಟು, ತಮ್ಮ ತಮ್ಮ ದನಿ ಹಿಡಿದು ಚದುರಿದರು. ಹೊನ್ನಾಜಮ್ಮ ಬಾಯಿಗೆ ಬೆರಳಿಟ್ಟು ನಮ್ಮನ್ನು ಸುಮ್ಮನಿರಿಸಿದರು. ಎಡಗಡೆಯ ಓಣಿಯಿಂದ ಗಟ್ಟಿ ಹೆಣ್ಣುದನಿಯೊಂದು ತೇಲಿ ಬಂತು: "ಬಾಗಿಲಲ್ಲಿ ಬೆಳಕು ಉಂಟು, ಬಾನಿಯಲ್ಲಿ ನೀರು ಉಂಟು, ಬನ್ನಿರಮ್ಮ ಬಳಗವೇ, ಎಲೆಯ ಹಾಸಿ ಕಾದಿದೆ."

"ನನ್ನ ಸೊಸೆ" ಎಂದರು ಹೊನ್ನಾಜಮ್ಮ. "ಇವತ್ತು ಗಟ್ಟಿಯಾಗಿ ಕರೀತಿದಾಳೆ. ಹೋದ ವಾರ ಮುನಿಸಿಕೊಂಡು ಕೆಳದನೀಲಿ ಕರೆದಳು. ಊರೆಲ್ಲ ಸುತ್ತಿ ಮನೆ ಸೇರೋಷ್ಟರಲ್ಲಿ ಹುಳಿ ಹಳಸಿತ್ತು."

ನನ್ನ ಕಾಲು ಕೀಳಲೇ ಇಲ್ಲ. ಬಾಲ್ಯದಲ್ಲಿ ನಮ್ಮ ಅಪ್ಪಾಜಿ ದಿನವೂ ಪುರಾಣಕಾವ್ಯದ ವಾಚನ ಮಾಡುತ್ತಿದ್ದರು. ಅಣ್ಣ ಅರ್ಥ ಹೇಳುತ್ತಿದ್ದ. ಹೂಂಗುಟ್ಟುವ ಕೆಲಸ ನನ್ನದು. ಪದ್ಯಗಳೆಲ್ಲ ಕಿವಿಯಿಂದಲೇ ಒಳಗೆ ಹೋಗಿ ಒಳಗೇ ಉಳಿದವು. ಹಾಡಿಕೊಂಡು ಅಡುಗೆ ಮಾಡಿದ್ದೂ ಇಲ್ಲ, ಮಕ್ಕಳನ್ನು ತೂಗಿದ್ದೂ ಇಲ್ಲ. ಯಾರೂ ಬೇಡ ಎಂದವರಿರಲಿಲ್ಲ, ಓದು ಎಂದವರೂ ಇರಲಿಲ್ಲ. ಊರಿಗೆ ಊರೇ ಹೊಸಿಲಲ್ಲಿ ನಿಂತು ವಾಚನ ಮಾಡುವುದನ್ನು ಕೇಳುತ್ತಾ, ಇಲ್ಲಿ ಹೂಂ ಎನ್ನಲು ನಾನೊಬ್ಬಳೇ ಸಾಲೆನೇನೋ ಎನ್ನಿಸಿತು.

ಹೊನ್ನಾಜಮ್ಮನವರ ಮನೆ ಮಾತಿಗೆ ತಪ್ಪದೆ ಬಯಲಿನ ಅಂಚಿಗೇ ಬಂದು ನಿಂತಿತ್ತು. ಜಗಲಿಯಿಂದ ನಮ್ಮ ಗಾಡಿ ಕಾಣುತ್ತಿತ್ತು. ಸೊಸೆ ಚೆಲುವಿ ಎಲೆ ಹಾಕಿದಳು. ನಾವು ಈರುಳ್ಳಿ, ಗೆಡ್ಡೆ ತಿನ್ನುವುದಿಲ್ಲ ಎಂದು ನಾನು ಹಿಂಜರಿಯುತ್ತಾ ಹೇಳಿದೆ. "ಬೇರು ಬಿಡೋ ಪದಾರ್ಥ ಈ ಊರಲ್ಲಿ ಆಗೋದೇ ಇಲ್ಲ ದೊಡ್ಡಮ್ಮ" ಎಂದಳು ಚೆಲುವಿ. "ಎಲ್ಲಾ ಚಪ್ಪರದ ಮೇಲೆ ಬಿಡೋದೇ. ಹೊಟ್ಟೆ ತುಂಬ ಉಣ್ಣಿ." ಹೀರೇಕಾಯಿ ಹುಳಿ, ತೊಂಡೆಕಾಯಿ ಪಲ್ಯ, ಕಟ್ಟುಮೊಸರು. ಊಟವಾದ ಮೇಲೆ ನಮ್ಮವರು ಸುಮ್ಮನಿದ್ದರೆ ತಾನೆ. ಅಂಗಳದಲ್ಲಿ ಅಂಗಾತ ಮಲಗಿ ತಳಪಾಯದ ಕೆಳಗೆ ಇಣುಕತೊಡಗಿದರು. "ಆಕ್ಸಲ್ ಇಲ್ಲ, ಸ್ಪ್ರಿಂಗ್ ಪಟ್ಟಿ ಇಲ್ಲ, ಯಾವುದರ ಮೇಲೆ ಹೋಗುತ್ತೆ ಇದು?" ಚೆಲುವಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಹೊನ್ನಾಜಮ್ಮ, "ಏಳಿ ಅಣ್ಣಾವ್ರೇ, ಹಾಗೆಲ್ಲ ಕೆಳಗಿಂದ ನೋಡಬಾರದು. ಅದಕ್ಕೆ ನಾಚಿಕೆ ಆಗುತ್ತೆ" ಎಂದರು.

ಎದ್ದವರು ಪಕ್ಕದ ಮನೆಯಲ್ಲಿ ತಗಡು ಬಡಿಯುವ ಸದ್ದು ಕೇಳಿ ಕಿವಿ ನಿಮಿರಿಸಿದರು. ಅದು ಡಬ್ಬಿ, ಲಾಳಿಕೆ ಮಾಡುವವನ ಅಂಗಡಿ. "ಪಕ್ಕದಲ್ಲೇ ಇದೆಯಲ್ಲ, ಬೆಸುಗೆ ಹೇಗೆ ಹಾಕ್ತಾನೆ ನೋಡಿಕೊಂಡು ಈಗ ಬಂದೆ" ಎಂದು ಹೊರಟರು. ನಾನು ಹೂಂ ಎಂದೆ. ಹೊನ್ನಾಜಮ್ಮ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು, ಇಲ್ಲವಾದರೆ ತಡೆಯುತ್ತಿದ್ದರು. ನಾವಿಬ್ಬರೂ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಮಕ್ಕಳು ಮರಿ ಎಂದು ಒಂದಿಷ್ಟು ಮಾತಾಡಿದೆವು. ನಡುವೆ ತಗಡಿನ ಸದ್ದು ಯಾವಾಗ ನಿಂತಿತೋ. ತಿರುಗಿ ನೋಡಿದರೆ ಪಕ್ಕದಲ್ಲಿ ಜಾಜಿ ಬಳ್ಳಿ ಹಬ್ಬಿದ ಮನೆಯೊಂದು ನಿಂತಿತ್ತು. ಅದರ ಜಗಲಿಯ ಮೇಲೆ ಒಂದು ಬೆಕ್ಕು ನಿದ್ದೆ ಮಾಡುತ್ತಿತ್ತು.

"ಇವರು ಎಲ್ಲಿ?" ಎಂದೆ.

ಹೊನ್ನಾಜಮ್ಮ ಎದ್ದು ಓಣಿಯ ಎರಡೂ ಕಡೆ ನೋಡಿದರು. "ತಗಡಿನವನ ಮನೆ ಒಳಗಿದ್ರಾ? ಅದು ಸ್ವಲ್ಪ ಅವಸರದ ಮನೆ."

ಗಂಡನ ಫೋನು ಗಾಡಿಯಲ್ಲೇ ಚಾರ್ಜಿಗೆ ಹಾಕಿತ್ತು. ಕೈಯಲ್ಲಿದ್ದರೂ ಏನು ಹೇಳುತ್ತಿದ್ದರು? ನೀಲಿ ಬಾಗಿಲಿನ ಎದುರು ಇದ್ದೇನೆ ಎಂದರೆ, ಹೇಳಿ ಮುಗಿಸುವುದರೊಳಗೆ ಬಾಗಿಲು ಬೇರೆಯಾಗುತ್ತದೆ. "ಬಯಲು ಎಲ್ಲಿ ಅಂತ ಯಾರನ್ನಾದರೂ ಕೇಳಿಕೊಂಡು ಬರ್ತಾರೆ ಬಿಡಿ" ಎಂದೆ, ನನಗೇ ಧೈರ್ಯ ಹೇಳಿಕೊಳ್ಳುವಂತೆ. ಹೊನ್ನಾಜಮ್ಮ ತಲೆಯಾಡಿಸಿದರು. "ನಮ್ಮೂರವರಿಗೆ ನಿಂತ ಜಾಗದ ಗುರುತು ಹತ್ತಲ್ಲಮ್ಮ. ಬಯಲು ಎಲ್ಲಿ ಅಂದರೆ ನನಗೂ ಗೊತ್ತಿಲ್ಲ, ಅದರ ಹತ್ತಿರ ಇದ್ದಾಗ ಮಾತ್ರ ಗೊತ್ತು. ದನಿ ಇದ್ದರೆ ಅದರ ಹಿಂದೆ ಹೋಗ್ತೀವಿ. ದನಿ ಇಲ್ಲದಿದ್ದರೆ..."

"ಇಲ್ಲದಿದ್ದರೆ?"

"ನಮ್ಮನೆಯವರು ಒಂದು ಸಲ ಚಪ್ಪಲಿ ಹೊಲಿಸೋಕೆ ಹೋದರು. ನನಗೆ ಗಂಟಲು ಕಟ್ಟಿತ್ತು, ಕರೆಯೋಕೆ ಆಗಲಿಲ್ಲ. ಬೇಸಿಗೆ ಪೂರ್ತಿ ಬರಲಿಲ್ಲ. ಮಳೆ ಹಿಡಿದ ಮೇಲೆ ಬಂದರು. ಯಾರೂ ಉಪವಾಸ ಕೆಡವಲ್ಲ ಬಿಡಿ, ಯಾವ ಮನೆಗೆ ಹೋದರೂ ಎಲೆ ಹಾಕ್ತಾರೆ. ಮೂರು ಥರ ಗೊಜ್ಜು ಮಾಡೋದು ಕಲಿತುಕೊಂಡು ಬಂದಿದ್ರು."

ಅವರು ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ. ಮಳೆಗಾಲ ಇನ್ನೂ ದೂರವಿತ್ತು. ಜೊತೆಗೆ, ನಾವು ಹೊತ್ತು ಮುಳುಗುವ ಮೊದಲು ಉಣ್ಣುವವರು. ದೀಪ ಹಚ್ಚಿದ ಮೇಲೆ ಯಾರು ಎಷ್ಟು ಪ್ರೀತಿಯಿಂದ ಎಲೆ ಹಾಕಿದರೂ ಇವರು ಮುಟ್ಟುವುದಿಲ್ಲ. ಅದನ್ನು ಹೇಳಿ ಹೊತ್ತಿಗೆ ಮುಂಚೆ ಬಡಿಸಿ ಎಂದು ಬೇರೆಯವರ ಮನೆಯಲ್ಲಿ ಕೇಳುವವರೂ ಅಲ್ಲ, ಬೇರೆಲ್ಲದಕ್ಕೂ ಬಾಯಿ ಇದೆ. ಅವರ ಸಕ್ಕರೆ ಕಾಯಿಲೆಯ ಮಾತ್ರೆ ಗಾಡಿಯ ಗೂಡಿನಲ್ಲಿದೆ. ಹೊನ್ನಾಜಮ್ಮನೊಂದಿಗೆ ಬಯಲು ದಾಟಿ ಗಾಡಿಗೆ ಬಂದೆ. ಕೈ ಸುಮ್ಮನಿರಲಾರದೆ ತೊವ್ವೆಗೆ ಇಟ್ಟೆ, ಚಪಾತಿ ಲಟ್ಟಿಸಿದೆ. ತಟ್ಟೆಗಳನ್ನು ಒರೆಸಿ ಇಟ್ಟೆ. ಬಿಸಿಲು ಗಾಡಿಯ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಇಳಿಯಿತು. ಊರು ಎದುರಿಗೆ ತನ್ನ ಪಾಡಿಗೆ ತಾನು ಮೆಲ್ಲಗೆ ಮೇಯುತ್ತಿತ್ತು.

"ಕರೀರಮ್ಮ" ಎಂದರು ಹೊನ್ನಾಜಮ್ಮ. "ಇನ್ನೇನು ಸಂಜೆ ಕರೆಯೋ ಹೊತ್ತು. ಊರೆಲ್ಲ ಕಿವಿ ಬಿಟ್ಟುಕೊಂಡಿರುತ್ತೆ."

"ನೀವೇ ಕರೀರಿ. ನಿಮ್ಮ ದನಿ ದೊಡ್ಡದು."

"ನನ್ನ ದನಿ ಕೇಳಿ ನನ್ನ ಮನೆಯವರು ಬರ್ತಾರೆ. ನಿಮ್ಮವರು ಯಾಕೆ ಬರ್ತಾರೆ?"

ಗಂಡನ ಹೆಸರು ಹಿಡಿದು ಕೂಗುವ ರೂಢಿ ನನಗಿಲ್ಲ. ಮೆಟ್ಟಿಲ ಮೇಲೆ ನಿಂತು "ರೀ" ಎಂದೆ. ಬಯಲಂಚಿನಲ್ಲಿ ಹೋಗುತ್ತಿದ್ದ ಗಂಡಸರೆಲ್ಲ ಒಟ್ಟಿಗೆ ತಿರುಗಿ ನಿಂತರು. ಒಬ್ಬ, "ನಾನೇನಮ್ಮ?" ಎಂದು ಕೇಳಿದ. ಅಲ್ಲ ಎಂದೆ. "ಇನ್ನೊಂದು ಸಲ ನೋಡಿ ಹೇಳಿ" ಎಂದ. ಹೊನ್ನಾಜಮ್ಮ ಅವನನ್ನು ಗದರಿ ಕಳಿಸಿ ನನ್ನ ಕಡೆ ತಿರುಗಿದರು.

"ನಿಮ್ಮನೆಗೆ ಒಂದು ಪದ್ಯ ಇಲ್ವಾ?"

ಒಂದಲ್ಲ, ಒಂದು ಕಣಜದಷ್ಟು ಇದ್ದವು. ತೆರೆಯುವುದು ಗೊತ್ತಿರಲಿಲ್ಲ. ಊರೊಳಗೆ ಆಗಲೇ ಅಲ್ಲೊಂದು ಇಲ್ಲೊಂದು ದನಿ ಏಳುತ್ತಿತ್ತು. ಕಣ್ಣು ಮುಚ್ಚಿ ಸ್ವಾಮಿಯನ್ನು ನೆನೆದೆ. ಕಾಡಿನಲ್ಲಿ ಜೊತೆಯವರಿಂದ ಬೇರಾದ ವರ್ತಕನೊಬ್ಬ, ದೂರದಲ್ಲಿ ಯಾರೋ ಮಾಡುತ್ತಿರುವ ಸಂಜೆಯ ಪ್ರಾರ್ಥನೆಯನ್ನು ಕೇಳಿ ದಾರಿ ಹಿಡಿಯುವ ಪ್ರಸಂಗದ ಪದ್ಯವೊಂದು ನಾಲಗೆಗೆ ಬಂತು. ಅಪ್ಪಾಜಿ ಅದನ್ನು ಮೋಹನದಲ್ಲಿ ಓದುತ್ತಿದ್ದರು. ಮೊದಲ ಸಾಲು ಗಂಟಲಲ್ಲೇ ಹರಿದುಹೋಯಿತು. ಎರಡನೆಯದು ಗಾಡಿಯ ಬಾಗಿಲಿನವರೆಗೆ ಹೋಯಿತೇನೋ. ಹೊನ್ನಾಜಮ್ಮ ನಗಲಿಲ್ಲ. ನನ್ನ ಕಾಲ ಬಳಿ ಕೂತು ಕೈಕಟ್ಟಿಕೊಂಡು, "ಹೂಂ" ಎಂದರು.

ಅದುವರೆಗೆ ಯಾರೂ ನನಗೆ ಹೂಂ ಎಂದಿರಲಿಲ್ಲ. ಒಳಗೆ ಏನೋ ಬಿಚ್ಚಿಕೊಂಡಿತು. ಮೂರನೆಯ ಸಾಲಿಗೆ ದನಿ ತನ್ನ ಕಾಲ ಮೇಲೆ ನಿಂತಿತು. ನಾಲ್ಕನೆಯದಕ್ಕೆ ಅದು ನನ್ನನ್ನು ಬಿಟ್ಟು ಬಯಲಿಗೆ ನಡೆಯಿತು. ಪದ್ಯ ಮುಗಿದರೆ ಮುಂದಿನದು ತಾನಾಗಿ ಬಂದು ಕೈ ಹಿಡಿಯುತ್ತಿತ್ತು. ಎಳೆಯಬೇಕಾದಲ್ಲಿ ಎಳೆದೆ, ನಿಲ್ಲಿಸಬೇಕಾದಲ್ಲಿ ಉಸಿರು ಹಿಡಿದೆ. ಎಲ್ಲ ನನಗೆ ಗೊತ್ತಿತ್ತು. ನಾನು ಎಷ್ಟು ಚೆನ್ನಾಗಿ ಕೇಳಿದ್ದೆ ಎಂಬುದು ನನಗೇ ಆಗ ತಿಳಿಯಿತು.

ಮೊದಲು ಬಂದವರು ನಮ್ಮವರಲ್ಲ. ಕಂಕುಳಲ್ಲಿ ಮಗುವಿದ್ದ ದಂಪತಿಗಳು ಬಂದು ಸ್ವಲ್ಪ ಹೊತ್ತು ಆಲಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಇದು ಅಲ್ಲೇ ಇದೆ ನೋಡು" ಎಂದರು. "ಏನು?" ಎಂದು ಹೊನ್ನಾಜಮ್ಮ ಕೇಳಿದರು. "ದನಿ. ಆಗಿಂದ ಒಂದೇ ಕಡೆಯಿಂದ ಬರ್ತಿದೆ. ಮಿಕ್ಕವೆಲ್ಲ ಓಡಾಡುತ್ತೆ, ಇದು ಕದಲಲ್ಲ. ಇದು ಇಲ್ಲಿದ್ದರೆ ನಮ್ಮತ್ತೆ ಕರೀತಿರೋದು ಇದರ ಬಲಕ್ಕೆ. ನಾವು ಇಷ್ಟು ದಿನ ಎಡಕ್ಕೆ ತಿರುಗಿ ಸುಸ್ತಾಗ್ತಿದ್ವಿ." ಅವರು ಬಲಕ್ಕೆ ತಿರುಗಿ ಲಗುಬಗೆಯಿಂದ ಹೋದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬಯಲಿಗೆ ಬಂದು, ನನ್ನ ದನಿಗೆ ಬೆನ್ನು ಕೊಟ್ಟು ನಿಂತು, ತಮ್ಮ ಮನೆಯ ದನಿ ಯಾವ ದಿಕ್ಕಿನದೆಂದು ಅಳೆದುಕೊಂಡು ಹೊರಡುತ್ತಿದ್ದರು. ಹೋಗುವಾಗ ನನ್ನ ಕಡೆ ನೋಡಿ ತಲೆಬಾಗುತ್ತಿದ್ದರು. ಬೆಳಿಗ್ಗೆ ಕಂಡ ಓಲಗದವರೂ ಬಂದರು. ಮದುಮಗ ಬಾಸಿಂಗ ಸರಿಸಿ ಕಿವಿಗೊಟ್ಟು, "ಅಗೋ, ಅವಳ ಅಜ್ಜಿ ದನಿ" ಎಂದು ದಿಬ್ಬಣವನ್ನೆಲ್ಲ ಬಿಟ್ಟು ಮುಂದಾಗಿ ಓಡಿದ.

ಕೊನೆಗೆ ಛತ್ರಿ ರಿಪೇರಿ ಮಾಡುವ ಸಣ್ಣೀರಯ್ಯ ಎಂಬ ಮುದುಕ ಬಂದ. ಬೆನ್ನ ಮೇಲೆ ಹಳೆಯ ಛತ್ರಿಗಳ ಕಟ್ಟು. ಹೊನ್ನಾಜಮ್ಮನಿಗೆ ಅವನ ಪರಿಚಯವಿತ್ತು. "ಸಿಕ್ಕಿತಾ ಮಾವ ಮನೆ?" ಎಂದರು. "ಯುಗಾದಿಯಿಂದ ಇಲ್ಲ ಕಣಮ್ಮ. ಅವಳದು ಸಣ್ಣ ದನಿ. ಕೇಳಿಸುತ್ತೆ, ಯಾವ ಕಡೆಯದು ಅಂತ ಆಗಲ್ಲ. ಹೋಗಿ ನೋಡಿದರೆ ಇನ್ಯಾರದೋ ಬಾಗಿಲು." ಅವನು ನನ್ನ ಮುಂದೆ ನಿಂತು ಕೈ ಮುಗಿದ. "ತಾಯಿ, ನೀವು ಹೀಗೇ ಹೇಳ್ತಾ ಇರಿ. ನಾನು ಸ್ವಲ್ಪ ದೂರ ಹೋಗಿ ತಿರುಗಿ ಕೇಳ್ತೀನಿ. ಮತ್ತೆ ಸ್ವಲ್ಪ ದೂರ ಹೋಗ್ತೀನಿ. ನಿಮ್ಮದು ನಿಂತಿದ್ದರೆ ಅವಳದು ಸಿಗುತ್ತೆ." ನಾನು ಓದು ನಿಲ್ಲಿಸದೆ ತಲೆಯಾಡಿಸಿದೆ. ಅವನ ಛತ್ರಿ ಕಟ್ಟು ನಾಲ್ಕು ಹೆಜ್ಜೆ ಹೋಗಿ ನಿಲ್ಲುವುದು, ತಿರುಗುವುದು, ಮತ್ತೆ ಹೋಗುವುದು ಕಾಣುತ್ತಿತ್ತು.

ಅವನು ಎದುರಿನ ಓಣಿಯ ಬಾಯಿಗೆ ಸೇರುವಾಗ ಅದೇ ಓಣಿಯಿಂದ ನಮ್ಮವರು ಬಂದರು. ಕೈಯಲ್ಲಿ ಹೊಳೆಯುವ ಹೊಸ ಲಾಳಿಕೆ, ತಲೆಯ ತುಂಬ ಧೂಳು, ಮುಖದಲ್ಲಿ ಊರು ಗೆದ್ದು ಬಂದವರ ಕಳೆ. ಅವರನ್ನು ಕಂಡು ನನ್ನ ಕಣ್ಣು ತುಂಬಿತು, ಪದ್ಯ ಮಾತ್ರ ತಪ್ಪಲಿಲ್ಲ. ಹತ್ತಿರ ಬಂದವರು ಮೆಟ್ಟಿಲ ಕೆಳಗೇ ನಿಂತುಬಿಟ್ಟರು. ಪದ್ಯದ ಕೊನೆಯವರೆಗೂ ಮಾತಾಡಲಿಲ್ಲ. ನಮ್ಮ ಮದುವೆಯಾದ ಮೇಲೆ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ನನಗೆ ನೆನಪಿಲ್ಲ.

"ತಗಡಿನವನ ಮನೇಲಿ ಕೂತಿದ್ದೆ" ಎಂದರು. "ಕೇಳಿದ ಕೂಡಲೇ ನಿಮ್ಮಪ್ಪಾಜಿ ಅಂದುಕೊಂಡೆ. ಅವರು ಎಲ್ಲಿ ಇನ್ನು, ಅಂತ ಆಮೇಲೆ ಹೊಳೀತು. ಇದು ನೀನೇ ಅಂತ ಹೇಗೆ ಗೊತ್ತಾಯಿತು ಕೇಳು. ಒಂದು ದಿನಕ್ಕೂ ಕೇಳಿಲ್ಲದ ದನಿ ಯಾರದು ಅಂತ ಯೋಚನೆ ಮಾಡಿದೆ. ನಿನ್ನದೊಂದೇ ಇತ್ತು."

ಹೊನ್ನಾಜಮ್ಮ ಮೂಗು ಒರೆಸಿಕೊಂಡರು. ನಾನು ಉಸಿರು ತೆಗೆದುಕೊಂಡು ಮುಂದಿನ ಪದ್ಯ ಎತ್ತಿದೆ. ಬಯಲಿನಾಚೆ ಸೂರ್ಯ ಅರ್ಧ ಇಳಿದಿದ್ದ. ನಮ್ಮವರು ಗಾಡಿಯೊಳಗೆ ಇಣುಕಿ, ಒರೆಸಿಟ್ಟ ತಟ್ಟೆಗಳನ್ನೂ ಮುಚ್ಚಿಟ್ಟ ತೊವ್ವೆಯನ್ನೂ ನೋಡಿ, ಮಾತ್ರೆ ನುಂಗಿ, ಬಾಗಿಲಿಗೆ ಬಂದರು. ಓಣಿಯ ಒಳಗೆ, ಎಷ್ಟೋ ದೂರದಲ್ಲಿ, ಛತ್ರಿಯ ಕಟ್ಟೊಂದು ನಿಂತು ನನ್ನ ಕಡೆ ತಿರುಗಿತು.

"ಬಂದೆನಲ್ಲ ಕಣೇ, ಇನ್ನು ಸಾಕು" ಎಂದರು ನಮ್ಮವರು, ಮೆಲ್ಲಗೆ, ಪ್ರೀತಿಯಿಂದಲೇ. "ಹೊತ್ತು ಮುಳುಗ್ತಾ ಇದೆ. ಆಮೇಲೆ ನೀನು ಬೆಳಿಗ್ಗೆವರೆಗೂ ಉಪವಾಸ. ನಿಲ್ಲಿಸಿ ಒಳಗೆ ಬಾ, ಬಡಿಸು, ಇಬ್ಬರೂ ಉಣ್ಣೋಣ."

ಸಾಲು ಮುಗಿಯುವವರೆಗೆ ಅವರನ್ನು ಕಾಯಿಸಿದೆ.

"ನೀವು ಬಡಿಸಿಕೊಂಡು ಉಣ್ಣಿ" ಎಂದೆ. "ನಾನು ನಿಲ್ಲಿಸಲ್ಲ."